ಪ್ಲೇಟ್‌ಲೆಟ್ ಕೊಟ್ಟ ಮಧ್ಯಾಹ್ನ

ಸಾಯುವವರ ಕರೆ ದೂರದಲ್ಲಿದ್ದವರಿಗೂ ಕೇಳಿಸುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ದಾಂಡೇಲಿಯಲ್ಲಿ ಇಪ್ಪತ್ತು ವರ್ಷ ಕಾಗದದ ಯಂತ್ರಗಳ ನಡುವೆ ದುಡಿದವನು; ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂದೇ ನಂಬಿದ್ದೆ. ಈಗಲೂ ದೆವ್ವ-ಭೂತ ನಂಬುವುದಿಲ್ಲ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ಹಳಿಯಾಳದ ಮೆಕ್ಯಾನಿಕ್ ಒಬ್ಬರ ಮಗಳಿಗೆ ಡೆಂಗಿ, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಾಳೆ, ಪ್ಲೇಟ್‌ಲೆಟ್ ಬೇಕು ಎಂದು ಮೊಬೈಲಿಗೆ ಸಂದೇಶ ಬಂತು. ಅವಳದೂ ನನ್ನದೂ ಒಂದೇ ರಕ್ತದ ಗುಂಪು. ಪರಿಚಯವಿರಲಿಲ್ಲ, ಆದರೂ ರಜೆ ಹಾಕಿ ಹೋದೆ. ಹುಡುಗಿಯ ತಂದೆ ಆಸ್ಪತ್ರೆಯ ಬಾಗಿಲಲ್ಲೇ ಕಾಯುತ್ತಿದ್ದರು. ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸಿತ್ತು. ನನ್ನ ಕೈ ಹಿಡಿದು, “ಸಲ್ಮಾ ಒಬ್ಬಾಕೀನ ಮಗಳ್ರಿ ನಮಗ” ಎಂದರು. ಮೇಲಿನ ಮಹಡಿಯ ಐಸಿಯುನಲ್ಲಿದ್ದ ಅವಳನ್ನು ನಾನು ನೋಡಲೇ ಇಲ್ಲ.

ಕೆಳಗಿನ ರಕ್ತನಿಧಿಯಲ್ಲಿ ನರ್ಸ್ ತೋಳಿಗೆ ಸೂಜಿ ಚುಚ್ಚಿ, “ಮಷೀನು ಪ್ಲೇಟ್‌ಲೆಟ್ ಅಷ್ಟ ತಗೋತೈತ್ರಿ. ಕೆಂಪು ರಕ್ತ ತಿರುಗಿ ನಿಮಗ ಬರ್ತೈತಿ. ತುಟಿ ಜುಂ ಅಂದ್ರ ಹೇಳ್ರಿ” ಎಂದಳು. ಚೀಲದಲ್ಲಿ ತಿಳಿಹಳದಿ ದ್ರವ ನಿಧಾನ ತುಂಬತೊಡಗಿತು. ಮುಕ್ಕಾಲು ಗಂಟೆ ಕಳೆದಿರಬೇಕು. ಮರಳಿ ಬರುತ್ತಿದ್ದ ರಕ್ತ ತೋಳಿನಲ್ಲಿ ತಣ್ಣಗೆ ಹರಿಯಿತು, ತುಟಿ ಜುಂ ಎಂದಿತು. ಆಗಲೇ ಕಿವಿಯ ಹತ್ತಿರ ಹುಡುಗಿಯೊಬ್ಬಳ ದಣಿದ ದನಿ: “ಚಾಚಾ, ಬಸ್.” ಚಿಕ್ಕಪ್ಪಾ, ಸಾಕು ಎನ್ನುತ್ತಿದ್ದಳು.

ಕಣ್ಣು ತೆರೆದೆ. ನರ್ಸ್ ದೂರದ ಮೇಜಿನಲ್ಲಿ ಏನೋ ಬರೆಯುತ್ತಿದ್ದಳು. ಬೇರೆ ಯಾರೂ ಇರಲಿಲ್ಲ. ಗೋಡೆಯ ಗಡಿಯಾರದಲ್ಲಿ ಮೂರೂ ಹತ್ತು.

ಚೀಲ ತುಂಬಿದ ಮೇಲೆ ಮೇಲಕ್ಕೆ ಹೋದೆ. ತಂದೆ ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. ಒಳಗೆ ರಕ್ತಸ್ರಾವವಾಗಿ, ಮೂರೂ ಹತ್ತಕ್ಕೆ ಸಲ್ಮಾ ಹೋಗಿಬಿಟ್ಟಿದ್ದಳು. ತಾಯಿ ಪಕ್ಕದಲ್ಲಿದ್ದ ಆಯಾಳನ್ನು ಕೇಳುತ್ತಲೇ ಇದ್ದರು: “ಕೊನಿಗೆ ‘ಚಾಚಾ, ಬಸ್’ ಅಂದ್ಳ್ರಿ. ಇವರಿಗೆ ಅಣ್ಣತಮ್ಮ ಯಾರೂ ಇಲ್ಲ. ಯಾರನ್ನ ಕರದ್ಳು ಆಕಿ?”

ತೋಳಿನ ಹತ್ತಿಯನ್ನು ಒತ್ತಿಹಿಡಿದು ನಾನು ಒಂದು ಮೆಟ್ಟಿಲು ಕೆಳಗಿಳಿದು ನಿಂತೆ.

ಅಷ್ಟರಲ್ಲಿ ರಕ್ತನಿಧಿಯವರು ಬಂದರು. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಡಲಾಗುವುದಿಲ್ಲ, ಬೇರೆ ರೋಗಿಗೆ ಕೊಡಬಹುದೇ ಎಂದು ಅಳುಕುತ್ತ ಕೇಳಿದರು. ನಾನು ತಂದೆಯ ಮುಖ ನೋಡಿದೆ. “ಕೊಡ್ರಿ. ಯಾರರ ಉಳೀಲಿ” ಎಂದರು. ಮುಂಡಗೋಡದ ಬಾಣಂತಿಯೊಬ್ಬಳಿಗೆ ಅದು ಹೋಯಿತೆಂದು ಆಮೇಲೆ ತಿಳಿಯಿತು. ಅವಳು ಉಳಿದಳೇ ಎಂದು ಕೇಳುವ ಧೈರ್ಯವಾಗಲಿಲ್ಲ.

ತುಟಿ ಜುಂ ಎನ್ನುವಾಗ ಕಿವಿಗೂ ಭ್ರಮೆಯಾಗಿರಬಹುದು ಎಂದು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಅದೇ ಹೊತ್ತಿಗೆ, ಅದೇ ಎರಡು ಮಾತು? ಸಲ್ಮಾಳ ತಾಯಿಗೆ ನಾನು ಇದನ್ನು ಹೇಳಲೇ ಇಲ್ಲ. ಮಗಳು ಯಾರನ್ನು ಕರೆದಳೆಂದು ಆ ತಾಯಿ ಈಗಲೂ ಯೋಚಿಸುತ್ತಿರಬಹುದು. ಹಳಿಯಾಳದ ಮೇಲೆ ಎಷ್ಟೋ ಸಲ ಹಾದುಹೋಗಿದ್ದೇನೆ, ಒಮ್ಮೆಯೂ ಇಳಿದಿಲ್ಲ.