ಮೂರೋ ಹತ್ತೋ

ಹೊಸ ಹುಣಸೆಹಣ್ಣನ್ನು ಬಿಸಿಲಿಗೆ ಹರವಿದಾಗ ಏಳುವ ವಾಸನೆ ಎಲ್ಲೇ ಮೂಗಿಗೆ ಬಡಿದರೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಹಿಂದೂಪುರದ ನಮ್ಮ ಮನೆಯ ಹಿತ್ತಲ ಗೋಡೆಯಾಚೆಗೆ ಹುಣಸೆಹಣ್ಣಿನ ಮಂಡಿಯಿತ್ತು. ಬೇಸಿಗೆ ಶುರುವಾದರೆ ಗೋಣಿಗಳ ಆ ಹುಳಿವಾಸನೆ ಗೋಡೆ ಹತ್ತಿ ಬಂದು ನಮ್ಮ ಮಗ್ಗದ ಗುಂಡಿಗಳಿಗೆ ಇಳಿಯುತ್ತಿತ್ತು. ನೂಲಿಗೆ ಹಚ್ಚಿದ ಗಂಜಿಯ ವಾಸನೆಯೊಂದಿಗೆ ಬೆರೆತು ಅಜ್ಜಿಯ ಸೆರಗಿನಲ್ಲಿ ಕೂರುತ್ತಿತ್ತು. ಹೀಗೆ ಬರೆದ ಕೂಡಲೇ ಅನುಮಾನ ಬರುತ್ತದೆ. ಸೆರಗಿನಲ್ಲಿ ಅದು ನಿಜವಾಗಿ ಇತ್ತೇ, ಅಥವಾ ಅಜ್ಜಿ ಇಲ್ಲವಾದ ಮೇಲೆ ನಾನು ತಂದು ಇಟ್ಟದ್ದೇ? ಹತ್ತನೇ ವಯಸ್ಸಿನಿಂದ ದಿನಚರಿ ಬರೆಯುತ್ತ ಬಂದವಳು ನಾನು. ಹಳೆಯ ಪುಟ ತೆರೆದಾಗಲೆಲ್ಲ ನನ್ನ ನೆನಪು ಸುಳ್ಳುಗಾರ್ತಿಯಂತೆ ಸಿಕ್ಕಿಬಿದ್ದಿದೆ. ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಟೈರಿನ ಅಂಗಡಿಯಿದೆ. ನಿಮಗೂ ಇಂಥದೊಂದು ಮನೆ ಇದ್ದಿರಬಹುದು, ಅದರ ಬಗ್ಗೆ ಹೇಳಹೊರಟರೆ ಸಾಕ್ಷಿ ಹೇಳುವವರು ಯಾರೂ ಉಳಿದಿರದಂಥದು.

ಮನೆಯಲ್ಲಿ ಎರಡು ಮಗ್ಗ, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವಂಥವು. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಚಿಕ್ಕಪ್ಪ. ಅಜ್ಜಿ ಪಡಸಾಲೆಯಲ್ಲಿ ರಾಟೆ ಇಟ್ಟುಕೊಂಡು ಲಾಳಿಗೆ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಬೆಳಿಗ್ಗೆ ಮತ್ತು ಸಂಜೆ ದೇವರ ಮನೆಯ ದೀಪ ಅವಳದೇ; ಅಮ್ಮ ಸೊಸೆಯಾಗಿ ಬಂದು ಅಷ್ಟು ವರ್ಷವಾಗಿದ್ದರೂ ಆ ಕಡ್ಡಿಪೆಟ್ಟಿಗೆ ಮುಟ್ಟಿದವಳಲ್ಲ. ಚಿಕ್ಕಪ್ಪನಿಗೆ ದೇವರೆಂದರೆ ನಗು. ಅವನು ಮಗ್ಗಕ್ಕೆ ಇಳಿಯುವ ಮುಂಚೆ ಕೈ ಮುಗಿಯುವುದನ್ನು ಕಂಡು ಅಜ್ಜಿ ಕೆಣಕುತ್ತಿದ್ದಳು. "ದೇವ್ರಿಲ್ಲ ಅಂತೀಯಲ್ಲ, ಮತ್ತೆ ಅದ್ಯಾರಿಗ್ಲಾ ಕೈ ಮುಗಿಯೋದು?" ಚಿಕ್ಕಪ್ಪ ಗುಂಡಿಯೊಳಗಿಂದಲೇ, "ಮಗ್ಗಕ್ಕೆ ಕಣಮ್ಮ. ಅದು ಅನ್ನ ಹಾಕ್ತೈತೆ. ನಿನ್ ದೇವ್ರು ನಮ್ ಮನೇಲಿ ಕೂತ್ಕೊಂಡು ತಿನ್ತಾನೆ, ಅಷ್ಟೇ" ಅನ್ನುತ್ತಿದ್ದ. ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವಳ ಆ ನಗುವಿನ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

ಆ ಮನೆಯಲ್ಲಿ ಹೇಳಬಾರದ ಹೆಸರೊಂದಿತ್ತು. ರತ್ನತ್ತೆ ಅಪ್ಪನ ತಂಗಿ, ಚಿಕ್ಕಪ್ಪನಿಗೆ ಅಕ್ಕ. ಟೀಚರ್ ಟ್ರೇನಿಂಗ್ ಮುಗಿಸಿ ಕಲ್ಯಾಣದುರ್ಗದ ಶಾಲೆಗೆ ಹೋದವಳು ಅಲ್ಲಿಯೇ ದೇವದಾನಂ ಎಂಬ ಕ್ರೈಸ್ತ ಮೇಷ್ಟ್ರನ್ನು ಮದುವೆಯಾಗಿ, ಅವರ ಮತಕ್ಕೂ ಸೇರಿದಳು. ಸುದ್ದಿ ಬಂದ ದಿನ ಅಜ್ಜಿ ಬಾವಿಕಟ್ಟೆಯಲ್ಲಿ ಕೂತು ತಲೆಗೆ ನೀರು ಹಾಕಿಕೊಂಡಳಂತೆ, ಸತ್ತವರಿಗೆ ಹಾಕಿಕೊಳ್ಳುವ ಹಾಗೆ. ಮನೆಯವರೆಲ್ಲರಿಗೂ ಹಾಕಿಸಿದಳಂತೆ. ಒಬ್ಬ ಚಿಕ್ಕಪ್ಪ ಮಾತ್ರ ಅಂಗಿ ಬಿಚ್ಚದೆ ಬೀದಿಗೆ ಹೋಗಿಬಿಟ್ಟ. ತಣ್ಣೀರು ಬೆನ್ನ ಮೇಲೆ ಇಳಿದದ್ದು ನನಗೆ ನೆನಪಿದೆ ಎಂದುಕೊಂಡಿದ್ದೆ. ಆದರೆ ಆಗ ನನಗೆ ನಾಲ್ಕು ವರ್ಷವೂ ತುಂಬಿರಲಿಲ್ಲ.

ಪೆನುಕೊಂಡದ ಕೋಟೆ ತೋರಿಸುತ್ತೇನೆಂದು ಮನೆಯಲ್ಲಿ ಹೇಳಿ ಚಿಕ್ಕಪ್ಪ ನನ್ನನ್ನು ಒಮ್ಮೆ ಕಲ್ಯಾಣದುರ್ಗಕ್ಕೆ ಕರೆದುಕೊಂಡು ಹೋದ. ನನಗಾಗ ಒಂಬತ್ತೋ ಹತ್ತೋ. ರತ್ನತ್ತೆ ಬಾಗಿಲಲ್ಲಿ ನನ್ನ ಗದ್ದ ಹಿಡಿದು, "ಥೇಟ್ ನಮ್ಮಮ್ಮನ ಮೂಗು" ಅಂದಳು. ಊಟಕ್ಕೆ ಎಲ್ಲರೂ ಕೂತ ಮೇಲೆ ಅವರು ಕಣ್ಣು ಮುಚ್ಚಿದರು. ನಾನು ತೆರೆದೇ ಇದ್ದೆ. ಆ ಮನೆಯಲ್ಲಿ ಮಾತೆಲ್ಲ ತೆಲುಗು, ಅತ್ತೆಯ ಪ್ರಾರ್ಥನೆ ಮಾತ್ರ ಕನ್ನಡ. "ಸ್ವಾಮಿ, ನಮ್ಮಮ್ಮನ ಕಣ್ಣು ಚೆನ್ನಾಗಿಡು. ರಾಟೆ ಮುಂದೆ ಕೂತು ಕೂತು ಬೆನ್ನು ನೊಂದಿರ್ತೈತೆ, ನೋಡ್ಕೋ" ಎಂದು ಶುರುಮಾಡಿ, ಅಪ್ಪ, ಅಮ್ಮ, ಚಿಕ್ಕಪ್ಪ, ನಾನು, ಒಬ್ಬೊಬ್ಬರ ಹೆಸರನ್ನೂ ಹೇಳುತ್ತ ಹೋದಳು. ಅವಳ ಚಿಕ್ಕ ಮಗ ಅನ್ನದ ತಟ್ಟೆ ನೋಡಿ ನೋಡಿ ಸಾಕಾಗಿ, "ಅಮ್ಮಾ, ಹಿಂದೂಪುರಂ ಇಂಕಾ ಅಯಿಪೋಲೇದಾ?" ಅಂದ. ಹಿಂದೂಪುರ ಇನ್ನೂ ಮುಗಿಯಲಿಲ್ಲವಾ ಎಂದು. ದೇವದಾನಂ ಮಾವ ಕಣ್ಣು ಮುಚ್ಚಿಕೊಂಡೇ ನಕ್ಕರು. ಹಾಗಾದರೆ ಅದು ದಿನವೂ ನಡೆಯುತ್ತಿತ್ತು.

ಹೊರಡುವಾಗ ಅತ್ತೆ ಕೇಳಿದಳು, "ಅಮ್ಮ ಒಂದ್ಸಲನಾದ್ರೂ ನನ್ನ ಹೆಸ್ರು ಎತ್ತುತಾಳೇನಮ್ಮಿ?" ನಾನು ಚಿಕ್ಕಪ್ಪನ ಮುಖ ನೋಡಿದೆ. ಅವನು ಚಪ್ಪಲಿ ಹುಡುಕುತ್ತ, "ಬಸ್ಸಿಗೆ ಹೊತ್ತಾಯ್ತು, ನಡಿಯಮ್ಮಿ" ಅಂದ.

ಎರಡು ವರ್ಷವೂ ಕಳೆದಿರಲಿಲ್ಲ. ಒಂದು ಮಧ್ಯಾಹ್ನ ಚಿಕ್ಕಪ್ಪ ಪೋಸ್ಟಾಫೀಸಿನ ಕಡೆಯಿಂದ ಬಂದವನು ಒಳಗೆ ಬರದೆ ಹೊಸ್ತಿಲಾಚೆಯೇ ನಿಂತ. ಕೈಯಲ್ಲಿ ಟೆಲಿಗ್ರಾಂ ಇತ್ತು. "ಅಮ್ಮ, ರತ್ನಕ್ಕ ಹೋಗ್ಬುಟ್ಳು." ರಾಟೆ ನಿಂತಿತು. ಅಪ್ಪ ಮಗ್ಗದಿಂದ ಎದ್ದು ಬಂದು, "ನಮಗೇನೂ ಮೈಲಿಗೆ ಇಲ್ಲ. ಅವಳ ಪಾಲಿನ ನೀರು ಆವತ್ತೇ ಹಾಕ್ಕೊಂಡಾಯ್ತು" ಅಂದ. ಚಿಕ್ಕಪ್ಪ ಅವನ ಕಡೆ ನೋಡಲೂ ಇಲ್ಲ. "ಹೆತ್ತೋಳು ನೀನು. ಏಳಮ್ಮ, ಈಗ ಹೊರಟ್ರೆ ಬಸ್ಸೈತೆ." ಅಜ್ಜಿ ನೂಲಿನ ಎಳೆ ಹುಡುಕಿ ಕೈಗೆ ತೆಗೆದುಕೊಂಡಳು. ಆಮೇಲೆ, "ಕಂಡಿಕೆ ಅರ್ಧಕ್ಕೆ ನಿಂತೈತೆ ಕಣಪ್ಪ, ಮುಗಿಸ್ಬೇಕು" ಎಂದು ರಾಟೆ ತಿರುಗಿಸಿದಳು. ಚಿಕ್ಕಪ್ಪನ ದನಿ ಏರಲಿಲ್ಲ, ಅದೇ ಭಯ ಹುಟ್ಟಿಸಿತು. "ಇಷ್ಟು ವರ್ಷ ಕಲ್ಲಿಗೆ ನೀರು ಹಾಕಿ ಹಾಕಿ ನೀನೂ ಕಲ್ಲಾಗ್ಬುಟ್ಟೆ." ಒಬ್ಬನೇ ಕಲ್ಯಾಣದುರ್ಗಕ್ಕೆ ಹೋದ. ಮರಳಿ ಬಂದ ಮೇಲೆ ಬೇರೆ ಬೀದಿಯಲ್ಲಿ ಮಗ್ಗ ಹೂಡಿದ. ತಾಯಿ ಬದುಕಿರುವವರೆಗೂ ಅವಳೊಡನೆ ಒಂದು ಮಾತೂ ಆಡಲಿಲ್ಲ. ನಾನು ಕಾಲೇಜಿನಲ್ಲಿದ್ದಾಗ ಅಜ್ಜಿ ತೀರಿಕೊಂಡಳು. ಅವನು ಬಂದು ಚಟ್ಟಕ್ಕೆ ಹೆಗಲು ಕೊಟ್ಟು, ನೀರನ್ನೂ ಕುಡಿಯದೆ ಹೋದ.

ಅನಂತಪುರದಲ್ಲಿ ಎಂ.ಎ. ಓದುವಾಗ ದಿನಚರಿಯಲ್ಲಿ ಒಂದು ದೊಡ್ಡ ವಾಕ್ಯ ಬರೆದೆ: ದೇವರನ್ನು ಹೆಚ್ಚು ನಂಬಿದವರಿಗೆ ಮನೆಯವರು ಕಡಿಮೆ ಬೇಕಾಗುತ್ತಾರೆ. ಆ ವಯಸ್ಸಿಗೆ ಅದು ತುಂಬ ಚೆನ್ನಾಗಿ ಕಂಡಿತು. ಮರುದಿನ ಅತ್ತೆಯ ಪ್ರಾರ್ಥನೆ ನೆನಪಾಗಿ, 'ಕೆಲವು ದೇವರನ್ನು' ಎಂದು ತಿದ್ದಿದೆ. ಅದೂ ಸರಿಯೆನಿಸದೆ ಹೊಡೆದುಹಾಕಿದೆ. ಚಿಕ್ಕಪ್ಪನನ್ನೇ ನೋಡಿ, ಯಾವ ದೇವರೂ ಇಲ್ಲದ ಅವನು ಅಕ್ಕನಿಗಾಗಿ ಅಮ್ಮನನ್ನು ಬಿಟ್ಟ. ಅವನನ್ನು ಯಾವ ಸಾಲಿನಲ್ಲಿ ಬರೆಯಲಿ?

ತೊಂಬತ್ತರ ದಶಕದಲ್ಲಿ, ನೆಂಟರ ಮನೆಯ ಮದುವೆಯಾದ ಹುಡುಗಿಯೊಬ್ಬಳು ತೀರಿಕೊಂಡಾಗ ಅಮ್ಮ ಮಾತಿಗೆ ಹೇಳಿದಳು, "ಕೊಟ್ಟ ಹೆಣ್ಣು ಸತ್ರೆ ಹೆತ್ತೋರಿಗೆ ಮೂರೇ ದಿನ ಸೂತಕ ಕಣಮ್ಮಿ. ಮದ್ವೆ ಆಗ್ದಿದ್ರೆ ಹತ್ತು. ಅಲ್ಲೀವರ್ಗೂ ದೀಪ ಮುಟ್ಟಂಗಿಲ್ಲ." ನಾನು ಕಾಫಿ ಕುಡಿಯುತ್ತಿದ್ದೆ. ಲೋಟ ಕೆಳಗಿಟ್ಟೆ.

ಏಕೆಂದರೆ ಟೆಲಿಗ್ರಾಂ ಬಂದ ಆ ಸಂಜೆ ಅಜ್ಜಿ ನನ್ನನ್ನು ಕರೆದು, "ಮೊಣಕಾಲು ಹಿಡ್ಕೊಂಬುಟ್ಟೈತೆ, ದೀಪ ನೀನೇ ಹಚ್ಬುಡು" ಅಂದಿದ್ದಳು. ತಾನು ದೇವರ ಮನೆಯ ಹೊರಗೆ ನಿಂತು, "ಬತ್ತಿ ಮುಂದಕ್ಕೆ ಎಳಿ, ಎಣ್ಣೆ ಚೆಲ್ಬೇಡ" ಎಂದು ಹೇಳಿಕೊಟ್ಟಿದ್ದಳು. ಮರುದಿನವೂ ನಾನೇ. ಅದರ ಮರುದಿನವೂ. ಅದೇ ದಿನಗಳಲ್ಲಿ ಅವಳು ಒದ್ದೆ ನೂಲಿನ ಹೊರೆ ಹೊತ್ತು ಮಾಳಿಗೆಯ ಮೆಟ್ಟಿಲು ಹತ್ತುತ್ತಿದ್ದಳು. ಅದನ್ನು ಕಂಡೂ ನನಗೇನೂ ಅನ್ನಿಸಿರಲಿಲ್ಲ; ದೊಡ್ಡವರ ದೀಪ ಕೈಗೆ ಸಿಕ್ಕ ಜಂಬದಲ್ಲಿದ್ದೆ. ಆದರೆ ಎಷ್ಟು ದಿನ ಹಚ್ಚಿದೆ? ಮೂರಾದರೆ, ಆ ಮದುವೆಯನ್ನು ಅಜ್ಜಿ ಮದುವೆಯೆಂದೇ ಲೆಕ್ಕಕ್ಕೆ ಹಿಡಿದಿದ್ದಳು. ಹತ್ತಾದರೆ, ಮದುವೆಯನ್ನು ಒಪ್ಪಲಿಲ್ಲ, ಮಗಳನ್ನು ಬಿಡಲೂ ಇಲ್ಲ. ಆಗ ಶಾಸ್ತ್ರದ ಪ್ರಕಾರ ನಾನೂ ದೀಪ ಮುಟ್ಟಬಾರದಿತ್ತು, ಮೈಲಿಗೆ ಮನೆಗೆಲ್ಲ ತಾಗಬೇಕಿತ್ತು. ಅವಳು ಯಾರಿಗೂ ಹೇಳದೆ ತನ್ನೊಬ್ಬಳಿಗೇ ಇಟ್ಟುಕೊಂಡಳೆಂದು ಅರ್ಥ. ಹಳೆಯ ದಿನಚರಿ ತೆಗೆದು ನೋಡಿದೆ. 'ಇವತ್ತು ದೀಪ ಹಚ್ಚಿದೆ, ಎರಡು ಸಲ ಆರಿಹೋಯಿತು' ಎಂದಿದೆ. ಮುಂದಿನ ಪುಟಗಳಲ್ಲೆಲ್ಲ ಗೆಳತಿಯೊಡನೆ ಜಗಳ. ಅಮ್ಮನನ್ನು ಕೇಳಿದರೆ, "ಯಾರು ಎಣಿಸಿದ್ರು ಹೋಗೆ" ಅಂದಳು.

ತಡೆಯಲಾಗದೆ ಚಿಕ್ಕಪ್ಪನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವನು ಲಾಳಿಯನ್ನು ಅಂಗೈಯಲ್ಲೇ ಹಿಡಿದು ಕೇಳಿದ. "ಅಮ್ಮಂಗೆ ಮೊಣಕಾಲು ನೋವು ಯಾವತ್ತೂ ಇರ್ಲಿಲ್ಲ" ಅಂದ. ಲಾಳಿಯನ್ನು ಮಗ್ಗದ ಮೇಲಿಟ್ಟು, "ಎಷ್ಟು ದಿನ?" ಅಂದ. ಗೊತ್ತಿಲ್ಲ ಅಂದೆ. "ನೆಪ್ಪು ಮಾಡ್ಕೋ." ಆಗುತ್ತಿಲ್ಲ ಅಂದೆ. "ಓದ್ದೋಳು ನೀನು, ದಿನಾ ಬರ್ಕೊಳೋಳು" ಎಂದು ಗದರಿಸಿ, ಮುಖ ಆಚೆ ತಿರುಗಿಸಿಕೊಂಡ. ಆಮೇಲೆ ಅವನೇ, "ಮೂರು ಅಂತ ಇಟ್ಕೋ ಕಣಮ್ಮಿ. ಮೂರಾದ್ರೆ ಭಾವನ್ನೂ ಒಪ್ಕೊಂಡಂಗಾಯ್ತಲ್ಲ" ಅಂದ.

ನಾನು ಬೀದಿಯ ಕೊನೆ ಮುಟ್ಟಿರಲಿಲ್ಲ, ಹಿಂದಿನಿಂದ ಕೂಗಿದ. ಬರಿಗಾಲಲ್ಲಿ ಬಾಗಿಲಾಚೆ ಬಂದು ನಿಂತಿದ್ದ. "ಹತ್ತಾಗಿದ್ರೆ ಅಕ್ಕ ಇನ್ನೂ ನಮ್ಮನೇಲೇ ಇದ್ದಂಗೆ, ಅಲ್ವಾ?"

ನಾನು ಏನು ಹೇಳಿದೆನೆಂದು ನೆನಪಿಲ್ಲ. ತಲೆಯಾಡಿಸಿರಬೇಕು. ಈಗ ಚಿಕ್ಕಪ್ಪನೂ ಇಲ್ಲ. ಮೂರನೆಯ ಸಂಜೆಯವರೆಗೆ ನನಗೆ ಸ್ಪಷ್ಟವಾಗಿ ಕಾಣುತ್ತದೆ. ನಾಲ್ಕನೆಯ ಸಂಜೆ ಅಜ್ಜಿ ಆ ಬಾಗಿಲ ಒಳಗಿದ್ದಳೋ, ಹೊರಗೇ ನಿಂತಿದ್ದಳೋ, ಎಷ್ಟು ಕಣ್ಣು ಮುಚ್ಚಿ ನೋಡಿದರೂ ಕಾಣುವುದಿಲ್ಲ.