ಅಪ್ಪನ ಟಾಮಿ

ಟಯರ್ ಕಳಚುವ ಕಬ್ಬಿಣದ ಮೀಟುಗೋಲಿಗೆ ನಾವು ಟಾಮಿ ಎನ್ನುತ್ತೇವೆ. ಕೊಪ್ಪದ ನಮ್ಮ ಗ್ಯಾರೇಜಿನಲ್ಲಿ ಅಪ್ಪ ಒಂದು ಟಾಮಿಯನ್ನು ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಎಲ್ಲಿಯದು ಎಂದು ಕೇಳಿದರೆ "ಮಿಲಿಟರಿ ಮಾಲು" ಎನ್ನುತ್ತಿದ್ದರು. ನಾನೂ ಗಿರಾಕಿಗಳೆದುರು ಅದನ್ನೇ ಜಂಬದಿಂದ ಹೇಳಿದ್ದೇ ಹೇಳಿದ್ದು.

ಅಪ್ಪ ತೀರಿಕೊಂಡ ಮೇಲೆ, ಹಳೆಯ ಸಾಮಾನಿನ ಹುಚ್ಚಿದ್ದ ಗಿರಾಕಿಯೊಬ್ಬರು ಅದರ ಮೇಲೆ ಕಣ್ಣು ಹಾಕಿದರು. ಯಾವ ದೇಶದ್ದೆಂಬ ಗುರುತು ಇದ್ದೀತು, ನೋಡಿ ಎಂದರು. ಗ್ರೈಂಡರ್ ಹಿಡಿದು ಮೇಲಿನ ಕರಿ ತೆಗೆದೆ. ಹಿಡಿಯ ತುದಿಯಲ್ಲಿ ಹಳೆಯ ವೆಲ್ಡಿಂಗ್, ಅದರ ಅಂಚಿನಲ್ಲೇ ಉಕ್ಕು ಮುರಿದ ಬಾಯಿ. ಅಪ್ಪ ಎಡಚರು, ಅವರ ವೆಲ್ಡಿಂಗಿನ ಗೆರೆಗಳು ಬೇರೆಯವರದಕ್ಕೆ ವಿರುದ್ಧವಾಗಿ ವಾಲುತ್ತಿದ್ದವು. ಇದು ಅವರದೇ ಕೈಕೆಲಸ. ಮಿಲಿಟರಿಯಂತೆ, ಮಣ್ಣಂತೆ!

ಉಕ್ಕು ನೋಡಿದರೆ ಜೀಪಿನ ಪ್ಲೇಟು, ಚಕ್ರದ ಮೇಲೆ ಭಾರ ಹೊರುವ ಪಟ್ಟಿ. ನಮ್ಮ ಕಡೆ ಅದು ಮುರಿದರೆ ಎಸೆಯುವುದಿಲ್ಲ; ಕುಲುಮೆಗೆ ಹೋಗಿ ಕತ್ತಿಯಾಗಿ ಮನೆಗೆ ಬರುತ್ತದೆ. ಇದೇಕೆ ಟಾಮಿಯಾಯಿತು? ಅಪ್ಪನಿಗೆ ಹತ್ಯಾರು ಬಡಿದುಕೊಡುತ್ತಿದ್ದ ಕಡಹಿನಬೈಲಿನ ಕಮ್ಮಾರರಲ್ಲಿಗೆ ಹೋದೆ. ಅದನ್ನು ನೋಡುತ್ತಲೇ ಅವರ ಮುಖ ಸಪ್ಪಗಾಯಿತು.

"ನಿನ್ನಣ್ಣನ ಜೀಪಿಂದು ಮಾರಾಯ. ಕತ್ತಿ ಮಾಡ್ಲಾ ಅಂದೆ. ಬ್ಯಾಡ, ಕತ್ತಿಯಾದ್ರೆ ಮನೆಗೆ ಹೋಗ್ತದೆ, ಹೆತ್ತವ್ಳು ಅದ್ರಲ್ಲೇ ಕಾಯಿ ಒಡೀತಾಳೆ ಅಂದ್ರು ನಿನ್ನಪ್ಪ. ಮುರಿದ ತುದಿ ಮುಟ್ಬ್ಯಾಡ, ಇನ್ನೊಂದು ತುದಿ ಮಾತ್ರ ಬಡಿ ಅಂದ್ರು."

ಅಣ್ಣ ನೆಮ್ಮಾರಿನ ತಿರುವಿನಲ್ಲಿ ಜೀಪಿನ ಸಮೇತ ಹೊಳೆಗೆ ಬಿದ್ದು ಸತ್ತಿದ್ದ. ಕುಡಿದು ಓಡಿಸಿದ ಎಂದು ಊರಿಗೆಲ್ಲ ಮೊದಲು ಹೇಳಿದವರು ಅಪ್ಪ. ಮುರಿದ ಪ್ಲೇಟಿಗೆ ವೆಲ್ಡಿಂಗ್ ನಿಲ್ಲುವುದಿಲ್ಲ, ಹೊಸದೇ ಹಾಕಬೇಕು ಎಂದು ನನಗೆ ಕಲಿಸಿದವರೂ ಅವರೇ. ಶಿವಮೊಗ್ಗದಿಂದ ಹೊಸದು ಬರುವ ತನಕ ನಡೆಯಲಿ ಎಂದು ಬೆಸೆದು ಕೊಟ್ಟಿರಬೇಕು. ತಿರುವಿನಲ್ಲಿ ಅದು ಬೆಸುಗೆಯ ಅಂಚಿನಲ್ಲೇ ಮತ್ತೆ ಮುರಿದು ಜೀಪು ಹೊಳೆಗೆ ಇಳಿದಿದೆ. ನನಗೆ ಮೈಯೆಲ್ಲ ಉರಿಯಿತು. ಬೈಯಲು ಅಪ್ಪ ಇರಲಿಲ್ಲ.

ಅಮ್ಮನಿಗೆ ಹೇಳದೆ ಇರಬಹುದಿತ್ತು. ಆದರೆ ಅಣ್ಣ ಇನ್ನೆಷ್ಟು ವರ್ಷ ಕುಡುಕನಾಗಿಯೇ ಇರಬೇಕು? ಅಮ್ಮ ಅಪ್ಪನ ವರ್ಷದ ತಿಥಿಗೆಂದು ಮೊರದಲ್ಲಿ ಉದ್ದಿನಬೇಳೆ ಆರಿಸುತ್ತಿದ್ದಳು. ಟಾಮಿ ಮುಂದಿಟ್ಟು ಎಲ್ಲವನ್ನೂ ಹೇಳಿದೆ.

"ಹಂಗಾರೆ ಅವ್ನು ಕುಡ್ದಿರ್ಲಿಲ್ವಾ?"

"ಗೊತ್ತಿಲ್ಲಮ್ಮ. ಕುಡ್ದಿದ್ರೂ ಜೀಪು ಬಿದ್ದಿದ್ದು ಅದ್ರಿಂದಲ್ಲ."

ಅಮ್ಮ ಮುರಿದ ಬಾಯಿಯನ್ನು ಹೆಬ್ಬೆರಳಿನಿಂದ ಸವರಿದಳು.

"ಹೆಣದ ಮುಂದೆ ನಾನು ಅಳ್ಲಿಲ್ಲ ಕಣೋ. ಕುಡ್ಕ, ಮನೆ ಹಾಳು ಮಾಡ್ದೆ ಅಂತ ಬೈದೆ. ನಿನ್ನಪ್ಪ ಪಕ್ಕದಲ್ಲೇ ನಿಂತು ಕೇಳ್ತಿದ್ರು."

ಆಮೇಲೆ ಮೊರವನ್ನು ನನ್ನ ಕಡೆ ತಳ್ಳಿದಳು.

"ಇದನ್ನ ನಿನ್ನ ಹೆಂಡ್ತಿಗೆ ಕೊಡು. ಅವ್ರ ತಿಥಿಗೆ ನಾನು ಒಲೆ ಹಚ್ಚೋದಿಲ್ಲ."