ಗಾಜಿನ ಬಾಗಿಲು ನೋಡಲು ಹೋಗಿ...

ಗಾಜಿಗೆ ಹಣೆ ಬಡಿದು ಹಾಯ್ದವರನ್ನು ಕಂಡರೆ ಯಾರಿಗಾದರೂ ನಗು ಬರುತ್ತದೆ. ಬರಲಿ ಬಿಡಿ, ತಪ್ಪೇನಿಲ್ಲ. ಗಾಜು ಕಾಣುವುದಿಲ್ಲ. ಆದರೆ ಸಾಗವಾನಿ ಕಟ್ಟಿಗೆಗೆ ಹಾಯ್ದರೆ? ಅದೂ ಹಾಡಹಗಲು? ಅದೂ ಆ ಬಾಗಿಲನ್ನೇ ನೋಡಲು ಹೋದವರು?

ನಮ್ಮ ಮನೆಯವರು ಎರಡಕ್ಕೂ ಹಾಯ್ದರು. ಮೊದಲನೆಯ ಸಲ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಎರಡನೆಯ ಸಲ ಬೈಕಿನ ಕೀಲಿ ಕೊಡಲಿಲ್ಲ.

ಮೊದಲಿನಿಂದ ಹೇಳುತ್ತೇನೆ.

ಅಣ್ಣಿಗೇರಿಯಲ್ಲಿ ನಮ್ಮ ಮನೆ. ಹಿಂದೆ ಹಿತ್ತಲು. ಹಿತ್ತಲಲ್ಲಿ ನನ್ನ ಕೈತೋಟ. ದುಂಡುಮಲ್ಲಿಗೆ, ದಾಸವಾಳ, ಕರಿಬೇವು, ಒಂದು ನಿಂಬೆ ಗಿಡ, ಹಠ ಹಿಡಿದು ಬೆಳೆಸಿದ ಗುಲಾಬಿ. (ಎರೆಮಣ್ಣಿನಲ್ಲಿ ಗುಲಾಬಿ ಬೆಳೆಸಿದವರಿಗೆ ಗೊತ್ತು, ಹಠ ಎಂದರೆ ಏನೆಂದು.) ಇಷ್ಟೆಲ್ಲ ಇದ್ದು ಏನು ಬಂತು? ನಡುಮನೆಯಲ್ಲಿ ಕೂತರೆ ಕಾಣುವುದು ಒಂದು ತಗಡಿನ ಬಾಗಿಲು. ಮಳೆಗಾಲದಲ್ಲಿ ಎರೆಭೂಮಿ ಉಬ್ಬಿ, ಚೌಕಟ್ಟು ಸೊಟ್ಟಗಾಗಿ, ಒದ್ದರೆ ಮಾತ್ರ ತೆರೆಯುವ ಬಾಗಿಲು. ಈ ಸಲ ಅದನ್ನು ಕಿತ್ತೊಗೆದು ಗಾಜಿನ ಬಾಗಿಲು ಕೂಡಿಸುವುದೆಂದು ಮನೆಯಲ್ಲಿ ಠರಾವಾಯಿತು.

ಠರಾವು ಸಲೀಸು. ಯಾವ ನಮೂನೆಯ ಬಾಗಿಲು ಎನ್ನುವಲ್ಲಿ ಜಗಳ ಶುರು.

ನಮ್ಮ ಮನೆಯವರು ತಿರ್ಲಾಪುರದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅವರಿಗೆ ಸ್ಲೈಡಿಂಗ್ ಬೇಕು. "ಜಾಗಾ ತಿನ್ನಂಗಿಲ್ಲ, ಗಾಳಿಗೆ ಬಡಕೊಳ್ಳಂಗಿಲ್ಲ. ಸರ್ ಅಂತ ಸರಿಸಿದ್ರ ಮುಗೀತು" ಎಂದರು. ನನಗೆ ಫೋಲ್ಡಿಂಗ್ ಮೇಲೆ ಮನಸ್ಸು. ಸೀರೆಯ ನೆರಿಗೆಯಂತೆ ಮಡಚುತ್ತ ಹೋಗಿ ಒಂದು ಮೂಲೆಗೆ ನಿಲ್ಲುವ ಬಾಗಿಲು. ಇಡೀ ಗೋಡೆಯೇ ಮಾಯ, ಇಡೀ ತೋಟವೇ ಮನೆಯೊಳಗೆ! ನಮ್ಮ ಅತ್ತೆ ಮಾತ್ರ ಎರಡಕ್ಕೂ ಮೂಗು ಮುರಿದರು.

"ಬಾಗಲಾ ಅಂದ್ರ ಎರಡ ಕದಾ ಇರಬೇಕು, ನಡುವ ಅಗಳಿ ಇರಬೇಕು. ಸರಸೂದು, ಮಡಚೂದು, ಅದೇನ ಬಾಗಲಾನೋ, ಹಾಸಿಗಿನೋ?"

ಮೂರು ಜನ, ಮೂರು ಬಾಗಿಲು. ಕೊನೆಗೆ ನಾವಿಬ್ಬರು ಬೈಕ್ ಹತ್ತಿ ಹುಬ್ಬಳ್ಳಿಯ ಅಂಗಡಿಗೆ ಹೋದೆವು.

ಅಲ್ಲಿ ಮೂರೂ ನಮೂನೆಯ ಬಾಗಿಲುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಸ್ಲೈಡಿಂಗ್ ಬಾಗಿಲಿನ ಬಲ ಅರ್ಧ ತೆರೆದಿತ್ತು, ಎಡ ಅರ್ಧ ಅಲ್ಲೇ ನಿಂತಿತ್ತು. ನಮ್ಮವರು ಬಲಕ್ಕೆ ತಿರುಗಿ ಅಂಗಡಿಯವನ ಜೊತೆ ಮಾತಾಡುತ್ತ ದಾಟಲು ಹೋದರು. ಧಪ್! ಎಡ ಹಣೆ, ಎಡ ಭುಜ ಒಟ್ಟಿಗೇ ಗಾಜಿಗೆ. ಚಷ್ಮಾ ಕಿವಿಯಿಂದ ಜೋತಾಡಿತು. ಗಾಜಿನ ಮೇಲೆ ಅಂಗೈಯಗಲದ ಕೆಂಪು ಪಟ್ಟಿ ಬೇರೆ ಅಂಟಿಸಿದ್ದರು.

ನಾನು ನಕ್ಕೆ. ಅಂಗಡಿಯವನೂ ನಕ್ಕ.

"ಏನಾಗಂಗಿಲ್ರಿ ಸರ, ನಮ್ಮ ಅಂಗಡ್ಯಾಗ ದಿನಾ ಯಾರರೆ ಹಾಯತಾರ್ರಿ. ಗಾಜು ಅಷ್ಟ ಸ್ವಚ್ಛ ಐತಿ ಅಂತ ತಿಳ್ಕೋರಿ" ಎಂದು ವ್ಯಾಪಾರಕ್ಕೂ ಅದನ್ನೇ ಬಳಸಿಕೊಂಡ. ಆಮೇಲೆ ಒಂದು ಒಳ್ಳೆಯ ಮಾತೂ ಹೇಳಿದ. "ಅಂಗಡ್ಯಾಗ ಎಲ್ಲಾ ಛಲೋನ ಕಾಣತಾವ್ರಿ. ಯಾರದರೆ ಮನ್ಯಾಗ ಕೂಡಿಸಿದ್ದ ನೋಡ್ರಿ. ಧೂಳ ಹೆಂಗ ಕುಂದರತೈತಿ, ಮಳಿನೀರ ಒಳಗ ಬರತೈತೇನು, ಎಲ್ಲಾ ಕೇಳಿ ಬರ್ರಿ."

ಕಲಘಟಗಿಯಲ್ಲಿ ನನ್ನ ಗೆಳತಿ ಶೈಲಾ ಇದ್ದಾಳೆ. ಮೊದಲು ನಮ್ಮವರ ಶಾಲೆಯಲ್ಲೇ ಟೀಚರ್ ಆಗಿದ್ದವಳು. ಹೊಸ ಮನೆ ಕಟ್ಟಿಸಿ, ಅತ್ತೆ ಹೇಳುವಂಥ ಎರಡು ಕದದ ಗಾಜಿನ ಬಾಗಿಲು ಕೂಡಿಸಿದ್ದಾಳೆ. ಮುಂದಿನ ಭಾನುವಾರ ಅವಳ ಮನೆಗೆ ಹೊರಟೆವು. ಮತ್ತೆ ಬೈಕು. ಮತ್ತೆ ಅವರ ಹಿಂದೆ ನಾನು, ಸೆರಗು ಸುತ್ತಿಕೊಂಡು, ನಿಶ್ಚಿಂತೆಯಿಂದ.

ಶೈಲಾಳ ಬಾಗಿಲು ನೋಡಿ ನನ್ನ ಫೋಲ್ಡಿಂಗ್ ಹುಚ್ಚು ಅರ್ಧ ಇಳಿಯಿತು. ಸಾಗವಾನಿಯ ದಪ್ಪ ಚೌಕಟ್ಟು, ಅದರ ನಡುವೆ ಗಾಜು, ಆಚೆ ಬಾಳೆಗಿಡ, ಅದರಾಚೆ ಭತ್ತದ ಗದ್ದೆ. ಅವಳು ಬಲಗಡೆಯ ಕದವನ್ನು ಪೂರ್ತಿ ತೆರೆದು ಗೋಡೆಗೆ ಸಿಕ್ಕಿಸಿದಳು. ಎಡಗಡೆಯದು ಅರ್ಧ ತೆರೆದು ದಾರಿಗೆ ಅಡ್ಡ ನಿಂತಿತ್ತು.

"ಮಳಿನೀರ ಒಳಗ ಬರತೈತೇನ್ರಿ ಟೀಚರ?" ಎಂದು ಬಲಕ್ಕಿದ್ದ ಶೈಲಾಳನ್ನು ಕೇಳುತ್ತ ನಮ್ಮವರು ಹೊರಗೆ ಕಾಲಿಟ್ಟರು.

ಈ ಸಲ ಧಪ್ ಅಲ್ಲ, ಧಡ್. ಗಾಜಿಗಲ್ಲ, ಆ ಎಡ ಕದದ ಚೌಕಟ್ಟಿನ ಅಂಚಿಗೆ. ಕಂದು ಬಣ್ಣದ, ಅಂಗೈಯಗಲದ ಕಟ್ಟಿಗೆಗೆ. ಎಡ ಹುಬ್ಬು ಒಡೆದು ರಕ್ತ ಇಳಿಯಿತು. ಅವರು ಹುಬ್ಬು ಒತ್ತಿ ಹಿಡಿದುಕೊಂಡು ಕದವನ್ನೇ ದಿಟ್ಟಿಸಿ ಒಂದು ಮಾತು ಕೇಳಿದರು.

"ಈ ಬಾಗಲಾ ಎಲ್ಲಿಂದ ಬಂತು?"

ಬಾಗಿಲು ಎಲ್ಲಿಂದಲೂ ಬಂದಿರಲಿಲ್ಲ. ಅಲ್ಲೇ ಇತ್ತು.

ಶೈಲಾ ಅರಿಷಿಣ ತರಲು ಓಡಿದಳು. ನನಗೆ ಅಂಗಡಿಯ ಧಪ್ ನೆನಪಾಯಿತು. ಅಲ್ಲೂ ಎಡ, ಇಲ್ಲೂ ಎಡ. ಎಡಗಡೆ ಇಟ್ಟ ಚಹಾದ ಕಪ್ಪು ಅವರ ಮೊಣಕೈ ತಗುಲಿ ಉರುಳುವುದು ನೆನಪಾಯಿತು. ಸಂತೆಯ ದಿನ ಎಡ ಅಂಚಿನಲ್ಲಿ ಕೂತಿದ್ದ ಅಜ್ಜಿಯ ಬುಟ್ಟಿಗೆ ಬೈಕು ತಾಗಿದ್ದು, ಅಜ್ಜಿ ಬೈದದ್ದು ನೆನಪಾಯಿತು.

ಅವರನ್ನು ಕುರ್ಚಿಯಲ್ಲಿ ಕೂಡಿಸಿದೆ.

"ರೀ, ಸೀದಾ ಆ ಬಾಳಿಗಿಡಾ ನೋಡ್ರಿ. ಕಣ್ಣು ಹೊರಳಸಬ್ಯಾಡ್ರಿ."

"ಯಾಕ? ಏನ ಆಟಾ ಇದು?"

"ನೋಡ್ರಿ ಅಂದ್ರ ನೋಡ್ರಿ."

ಬಳೆ ಸಪ್ಪಳ ಮಾಡದಂತೆ ಕೈಯನ್ನು ಅವರ ಬಲಗಿವಿಯ ಬಾಜುವಿಗೆ ತಂದು ಬೆರಳಾಡಿಸಿದೆ. "ಕೈ ಆಡಸಾಕತ್ತಿ" ಎಂದರು ತಕ್ಷಣ. ಎಡಗಡೆಗೆ ಹೋದೆ. ಕಿವಿಯ ಬಾಜು ಬೆರಳಾಡಿಸಿದೆ. ಸುಮ್ಮನಿದ್ದರು. ಇನ್ನಷ್ಟು ಮುಂದೆ ತಂದೆ. ಇನ್ನೂ ಸುಮ್ಮನಿದ್ದರು.

"ನನ್ನ ಕೈ ಎಲ್ಲೈತಿ ಹೇಳ್ರಿ."

"ಹಿಂದ ಇಟಗೊಂಡು ನಿಂತೀಯಲ್ಲ."

ನನ್ನ ಕೈ ಅವರ ಕೆನ್ನೆಯ ಪಕ್ಕದಲ್ಲಿತ್ತು. ಐದೂ ಬೆರಳು ಕುಣಿಯುತ್ತಿದ್ದವು. ಅರಿಷಿಣದ ಬಟ್ಟಲು ಹಿಡಿದು ಬಂದ ಶೈಲಾ ಅಲ್ಲೇ ನಿಂತುಬಿಟ್ಟಳು.

ಆಮೇಲೆ ಗಲಾಟೆ ಶುರುವಾದದ್ದು ಬೈಕಿನ ಕೀಲಿಗೆ. ಕೀಲಿ ನನ್ನ ಪರ್ಸಿನಲ್ಲಿತ್ತು. ನಾನು ಕೊಡಲಿಲ್ಲ.

"ಬರೂಮುಂದ ನಾನ ಹೊಡಕೊಂಡ ಬಂದೇನಿ. ಈಗೇನಾತು?" ಎಂದು ಅವರು ಸಿಟ್ಟಿಗೆದ್ದರು. ಬಂದದ್ದೇನೋ ಖರೆ. ಆದರೆ ಹೇಗೆ ಬಂದೆವು! ಎಷ್ಟು ಹಳ್ಳಿಗಳ ನಡುವೆ ಬಂದಿದ್ದೆವು, ರಸ್ತೆಯ ಎಡ ಅಂಚಿನಲ್ಲಿ ಎಷ್ಟು ಮಂದಿ ನಡೆದು ಹೊರಟಿದ್ದರು, ಎಷ್ಟು ಕುರಿ, ಎಷ್ಟು ಎಮ್ಮೆ! "ಗಾಡಿ ಇಲ್ಲೇ ಇರಲಿ ಸರ, ಎಲ್ಲೂ ಹೋಗಂಗಿಲ್ಲ. ಬಸ್ಸಿಗೆ ಹೋಗ್ರಿ" ಎಂದು ಶೈಲಾ ಬಸ್ ಸ್ಟ್ಯಾಂಡಿನ ತನಕ ಬಂದು ಹತ್ತಿಸಿದಳು.

ಹುಬ್ಬಳ್ಳಿ ಬಸ್ಸಿನಲ್ಲಿ ಅವರು ನನ್ನ ಜೊತೆ ಮಾತು ಬಿಟ್ಟು ಕೂತಿದ್ದರು. ಊರು ದಾಟಿದ ಮೇಲೆ, ಯಾರೂ ನೋಡದಂತೆ, ಎಡಗಣ್ಣಿಗೆ ಅಂಗೈ ಮುಚ್ಚಿಕೊಂಡರು. ತೆಗೆದರು. ಬಲಗಣ್ಣಿಗೆ ಮುಚ್ಚಿಕೊಂಡರು. ತೆಗೆಯಲಿಲ್ಲ. ಹಾಗೇ ಕೂತರು. ತಲೆಯನ್ನು ಮೆಲ್ಲಗೆ ಅತ್ತ ಇತ್ತ ಹೊರಳಿಸಿದರು. ಸಿಟ್ಟೆಲ್ಲ ಎಲ್ಲಿ ಹೋಯಿತೋ, ನನ್ನ ಮುಂಗೈ ಗಟ್ಟಿಯಾಗಿ ಹಿಡಿದರು.

"ನಿನ್ನ ಕೈಯಾನ ಬಳಿ ಒಳಗಿಂದ ನೋಡಿದಂಗ ಆಗಾಕತ್ತೈತಿ. ಕಂಡಕ್ಟರನ ಮಾರಿ ಕಾಣತೈತಿ. ಬಸ್ಸ ಕಾಣವಲ್ದು."

ಕಷ್ಟದ ಲೆಕ್ಕ ಕೊಟ್ಟರೆ ನಗುವ ಮನುಷ್ಯ. ಅವರು ಹೆದರಿದ್ದನ್ನು ನಾನು ಮದುವೆಯಾದಾಗಿನಿಂದ ಕಂಡಿರಲಿಲ್ಲ.

ಮರುದಿನವೇ ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆ. ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಎರಡೂ ಕಣ್ಣಿನಿಂದ ಪಟಪಟ ಓದಿಬಿಟ್ಟರು. ನನ್ನ ಕಡೆ ಗೆದ್ದವರಂತೆ ನೋಡಿದರು. (ಚಷ್ಮಾದ ಅಂಗಡಿಯಲ್ಲೂ ಪ್ರತಿ ಸಲ ಹೀಗೇ ಓದಿ ಶಭಾಶ್ ಅನ್ನಿಸಿಕೊಂಡು ಬರುತ್ತಿದ್ದರು.) ಡಾಕ್ಟರಮ್ಮ ಒಪ್ಪಲಿಲ್ಲ. ಕಣ್ಣಿನ ಒತ್ತಡ ನೋಡಿ, ಇನ್ನೊಂದು ಕೋಣೆಗೆ ಕಳಿಸಿದರು.

ಅಲ್ಲಿ ಒಂದು ಮಷಿನ್. ಗದ್ದ ಅದರ ಮೇಲಿಟ್ಟು, ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತಮುತ್ತ ಎಲ್ಲೇ ಬೆಳಕು ಮಿನುಗಿದರೂ ಕೈಯಲ್ಲಿನ ಬಟನ್ ಒತ್ತಬೇಕು. ನಾನು ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತೆ. ಬಲಗಣ್ಣಿನ ಪರೀಕ್ಷೆ ಶುರುವಾಯಿತು. ಟಿಕ್, ಟಿಕ್, ಟಿಕ್. ಎಲ್ಲೋ ಒಮ್ಮೊಮ್ಮೆ ತಡವಾಗಿ, ಆದರೂ ಟಿಕ್.

ಆಮೇಲೆ ಎಡಗಣ್ಣು.

ಟಿಕ್.

ಮತ್ತೆ ಸಪ್ಪಳವಿಲ್ಲ. ಫ್ಯಾನು ತಿರುಗುವುದು ಕೇಳುತ್ತಿತ್ತು. ಹೊರಗೆ ಯಾರದೋ ಹೆಸರು ಕೂಗಿದ್ದು ಕೇಳಿತು. ಬಟನ್ನಿನ ಸಪ್ಪಳ ಮಾತ್ರ ಇಲ್ಲ. ಕೊನೆಗೆ ನಮ್ಮವರು ಮಷಿನ್ನಿನೊಳಗೆ ಮುಖವಿಟ್ಟುಕೊಂಡೇ ಕೇಳಿದರು.

"ಮಷಿನ್ ಚಾಲೂ ಐತೇನ್ರೀ ಸಿಸ್ಟರ್?"

ನರ್ಸ್ ಹುಡುಗಿ ನನ್ನನ್ನು ನೋಡಿದಳು. ತಗ್ಗಿದ ದನಿಯಲ್ಲಿ ಹೇಳಿದಳು. "ಐತ್ರಿ ಸರ. ಲೈಟ್ ಬರಾಕತ್ತಾವ್ರಿ."

ಓದುಗರೇ, ಮಷಿನ್ ಚಾಲೂ ಇತ್ತು. ಬೆಳಕು ಬರುತ್ತಿತ್ತು. ಅವರು ಕಣ್ಣು ಅಗಲಿಸಿ ನೋಡುತ್ತಿದ್ದರು. ಆದರೂ ಅವರ ಪಾಲಿಗೆ ಬೆಳಕು ಇರಲಿಲ್ಲ!

ಗ್ಲಾಕೋಮಾ, ಎಂದರು ಡಾಕ್ಟರಮ್ಮ. "ನೋವಾಗಂಗಿಲ್ರಿ, ಕೆಂಪಾಗಂಗಿಲ್ಲ, ನೀರ ಬರಂಗಿಲ್ಲ. ಕಣ್ಣಾಗಿನ ಒತ್ತಡ ಏರಿ, ನೋಟ ಅಂಚಿನಿಂದ ಚೂರಚೂರ ಹೋಗತೈತಿ. ಇನ್ನೊಂದ ಕಣ್ಣು ಸಂಭಾಳಿಸತೈತಿ, ಅದಕ್ಕ ಗೊತ್ತಾಗಂಗಿಲ್ಲ."

"ಹೋದದ್ದು ತಿರುಗಿ ಬರತೈತೇನ್ರಿ?" ನಾನು ಕೇಳಿದೆ.

"ಹೋದದ್ದು ಬರಂಗಿಲ್ರಿ. ಬಲಗಣ್ಣಿಗೆ ಈಗಷ್ಟ ಚಾಲೂ ಆಗೇತಿ. ಇದ್ದದ್ದ ಉಳಿಸಿಕೊಳ್ಳೂಣು. ಜನ್ಮಪೂರ್ತಿ ಡ್ರಾಪ್ಸ್ ಹಾಕಬೇಕು, ಒಂದ ದಿನಾನೂ ಬಿಡಬಾರದು."

ನಾನು ಇನ್ನೊಂದು ಕೇಳಿದೆ. ಕಾಣದ ಕಡೆ ಕಪ್ಪಗೆ ಕಾಣಬೇಕಲ್ಲ, ಇವರಿಗೆ ಯಾಕೆ ಕಪ್ಪು ಕಾಣಲಿಲ್ಲ? ಕಪ್ಪು ಇರುವುದೇ ಇಲ್ಲವಂತೆ. ಸುತ್ತಲಿನ ಚಿತ್ರವನ್ನೇ ಎಳೆದು ಮೆದುಳು ಆ ಜಾಗ ತುಂಬಿಬಿಡುತ್ತದಂತೆ. ಅಂದರೆ ಶೈಲಾಳ ಮನೆಯಲ್ಲಿ ಬಾಗಿಲು ಇದ್ದ ಜಾಗದಲ್ಲಿ ಅವರಿಗೆ ಕಂಡದ್ದು ತೋಟ. ರಸ್ತೆಯಂಚಿನಲ್ಲಿ ಮನುಷ್ಯರು ಇದ್ದ ಜಾಗದಲ್ಲಿ ಕಂಡದ್ದು ಬರಿಯ ರಸ್ತೆ!

ಮನೆಗೆ ಬಂದು ಅತ್ತೆಗೆ ಹೇಳಿದೆವು. ಅವರು ಸೆರಗು ಬಾಯಿಗೆ ಒತ್ತಿಕೊಂಡರು.

"ನಿಮ್ಮ ಮಾವನೂ ಹಿಂಗ ಇದ್ರವಾ. ಕಡೀಗಾಲಕ್ಕ ಗ್ವಾಡಿ ಮುಟಗೋತ ಅಡ್ಡಾಡತಿದ್ರು. ತಾಟಿನ ಒಂದ ಬಾಜೂಕಿನ ಪಲ್ಯಾ ಮುಟ್ಟತಿರಲಿಲ್ಲ. ಸೇರಂಗಿಲ್ಲ ಅಂತ ತಿಳದು ನಾನು ಬಡಸೂದನ್ನ ಬಿಟ್ಟಬಿಟ್ಟೆ. ಕಾಣತಿದ್ದಿಲ್ಲೇನ ಅದು?"

ಇದು ರಕ್ತಸಂಬಂಧದಲ್ಲಿ ಬರುತ್ತದೆ, ಒಡಹುಟ್ಟಿದವರೂ ತೋರಿಸಿಕೊಳ್ಳಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಕುಂದಗೋಳದಲ್ಲಿ ನನ್ನ ನಾದಿನಿ ಇದ್ದಾಳೆ. ಫೋನ್ ಮಾಡಿದರೆ, "ನನ್ನ ಕಣ್ಣಿಗೇನಾಗೇತಿ ವೈನಿ, ಸೂಜಿಗೆ ದಾರಾ ಪೋಣಸತೇನಿ" ಎಂದಳು. ಅತ್ತೆ ಫೋನ್ ಕಸಿದುಕೊಂಡರು. "ಲೇ, ನಾಳೆ ನೀ ದವಾಖಾನಿಗೆ ಹೋಗಲಿಲ್ಲಂದ್ರ ನಾನ ಬಂದು ಎಳಕೊಂಡ ಹೋಗತೇನಿ." ಹೋದಳು. ಅವಳಿಗೂ ಕಣ್ಣಿನ ಒತ್ತಡ ಏರಿತ್ತು. ಆದರೆ ನೋಟ ಇನ್ನೂ ಪೂರ್ತಿ ಇದೆ. ಡ್ರಾಪ್ಸ್ ಶುರುವಾಗಿದೆ. ಈ ಇಡೀ ಆಘಾತದಲ್ಲಿ ನಾವು ದಕ್ಕಿಸಿಕೊಂಡದ್ದು ಅದೊಂದು.

ನಮ್ಮವರು ಬೈಕು ಓಡಿಸುವುದನ್ನು ಬಿಟ್ಟರು. ಈಗ ನನ್ನ ಸ್ಕೂಟಿಯ ಹಿಂದೆ ಕೂತು ಬಸ್ ಸ್ಟ್ಯಾಂಡಿಗೆ ಬರುತ್ತಾರೆ, ಅಲ್ಲಿಂದ ಬಸ್ಸಿಗೆ ತಿರ್ಲಾಪುರ. ಮೊದಮೊದಲು ಓಣಿಯ ಜನ ನೋಡುತ್ತಾರೆಂದು ಮುಖ ಆಚೆ ತಿರುಗಿಸಿ ಕೂರುತ್ತಿದ್ದರು. ಒಂದು ಸಂಜೆ ಶಾಲೆಯಿಂದ ಬಂದವರು ಚಪ್ಪಲಿಯನ್ನೂ ಬಿಡದೆ ಕಟ್ಟೆಯ ಮೇಲೆ ಕೂತರು.

"ಹುಡುಗ್ರಿಗೆ ಎಲ್ಲಾ ಹೇಳಿದೆ ಇವತ್ತ. ಎಡಗಡೆ ಬೆಂಚಿನ ಹುಡುಗಿ ಒಬ್ಬಾಕಿ ಎದ್ದು ನಿಂತು ಏನಂದ್ಲು ಗೊತ್ತೈತೇನು? 'ಸರ, ನಾವು ಕೈ ಎತ್ತಿದ್ರೂ ನೀವು ಕೇಳತಿದ್ದಿಲ್ಲ. ನಮ್ಮ ಮ್ಯಾಲೆ ನಿಮಗ ಸಿಟ್ಟ ಐತಿ ಅಂತ ತಿಳಕೊಂಡಿದ್ವಿ' ಅಂದ್ಲು."

ಅಷ್ಟು ಹೇಳಿ ಕಣ್ಣು ಒರೆಸಿಕೊಂಡರು. ಈಗ ಪಾಠದ ನಡುವೆ ಪೂರ್ತಿ ತಿರುಗಿ ಆ ಬೆಂಚುಗಳ ಕಡೆ ನೋಡುತ್ತಾರಂತೆ.

ಬಾಗಿಲು ಏನಾಯಿತು ಅಂದಿರಾ? ಜಗಳವೇ ಆಗಲಿಲ್ಲ. "ನನ್ನ ಮಗ ಹಾಯಲಾರದ ಬಾಗಲಾ ಯಾವದೈತಿ ಅದನ್ನ ಹಾಕಸ್ರಿ" ಎಂದರು ಅತ್ತೆ. ಎರಡು ಕದದ್ದು ತೆರೆದಾಗ ದಾರಿಗೆ ಅಡ್ಡ ನಿಲ್ಲುತ್ತದೆ. ನನ್ನ ಫೋಲ್ಡಿಂಗಿನ ಮಡಿಕೆಗಳೂ ಅಂಚಿನಲ್ಲಿ ಚಾಚಿಕೊಂಡಿರುತ್ತವೆ. ಸ್ಲೈಡಿಂಗ್ ಮಾತ್ರ ಗೋಡೆಯ ಗೆರೆಯಲ್ಲೇ ಇರುತ್ತದೆ. ಅದನ್ನೇ ಕೂಡಿಸಿದೆವು. ತೋಟಕ್ಕೆ ಹೋಗುವಾಗ ತೆರೆಯುವ ಅರ್ಧ ಎಡಕ್ಕೆ, ನಿಲ್ಲುವ ಅರ್ಧ ಅವರಿಗೆ ಕಾಣುವ ಬಲಕ್ಕೆ. ಒಳಗೆ ಬರುವಾಗ ಅದು ಎಡಕ್ಕೆ ಬೀಳುತ್ತದಲ್ಲ, ಅದಕ್ಕೆ ಅಂಚಿಗೆ ಉದ್ದಕ್ಕೂ ಹಳದಿ ಪಟ್ಟಿ. ಹಳಿಯಲ್ಲಿ ಎರೆಮಣ್ಣಿನ ಧೂಳು ದಿನಾ ಕೂರುತ್ತದೆ, ದಿನಾ ಒರೆಸುತ್ತೇನೆ. ಬೆಳಿಗ್ಗೆ ಅವರನ್ನು ತೋಟದ ಎದುರು ಕೂಡಿಸಿ ಡ್ರಾಪ್ಸ್ ಹಾಕುತ್ತೇನೆ.

ಆದರೂ ಆಘಾತ ಇಳಿದಿಲ್ಲ. ನಮ್ಮ ಕಡೆ ಟ್ರ್ಯಾಕ್ಟರಿಗೆ ಸರ್ವಿಸ್ ಮಾಡಿಸುತ್ತೇವೆ, ಬೈಕಿಗೆ ಆಯಿಲ್ ಬದಲಿಸುತ್ತೇವೆ, ಬ್ರೇಕ್ ಹಿಡಿಯದಿದ್ದರೆ ಅದೇ ದಿನ ಗ್ಯಾರೇಜಿಗೆ ಒಯ್ಯುತ್ತೇವೆ. ಓಡಿಸುವವನ ಕಣ್ಣನ್ನು ಯಾರು ನೋಡುತ್ತಾರೆ? ನೋವಿಲ್ಲವಲ್ಲ, ಅಕ್ಷರ ಕಾಣುತ್ತದಲ್ಲ, ಮತ್ತೇನು? ನಮ್ಮವರು ಕುಡಿದು ಓಡಿಸಿದವರಲ್ಲ, ಜೋರಾಗಿ ಓಡಿಸಿದವರಲ್ಲ. ಊರಿಗೇ ಶಿಸ್ತಿನ ಮನುಷ್ಯ. ಅಂಥವರೇ ಎಡ ಅಂಚು ಕಾಣದೆ ಹುಬ್ಬಳ್ಳಿ–ಗದಗ ರಸ್ತೆಯಲ್ಲಿ ವರ್ಷಗಟ್ಟಲೆ ಓಡಾಡಿದರು. ಅವರಿಗೂ ಗೊತ್ತಿರಲಿಲ್ಲ, ಹಿಂದೆ ಕೂತಿದ್ದ ನನಗೂ ಗೊತ್ತಿರಲಿಲ್ಲ.

ಇವತ್ತು ಸಂಜೆ ನೀವು ರಸ್ತೆಯಂಚಿನಲ್ಲಿ ನಡೆದು ಹೋಗುತ್ತೀರಲ್ಲ, ಹಿಂದಿನಿಂದ ಬರುತ್ತಿರುವ ಗಾಡಿಯವನಿಗೆ ನೀವು ಕಾಣುತ್ತಿದ್ದೀರಾ?